ಮನೋಚಿಕಿತ್ಸೆಗೆ ಮೈಂಡ್‌ಫುಲ್‌ನೆಸ್ ತರುವ ಥೆರಪಿಸ್ಟ್‌ಗಳನ್ನು ತಯಾರು ಮಾಡುವುದು ಹೇಗೆ

ಮೈಂಡ್‌ಫುಲ್‌ನೆಸ್ ಅಂದರೆ ಈ ಹೊತ್ತಿನಲ್ಲಿ ಮನಸ್ಸು, ಮೈಯಲ್ಲಿ ಏನಿದೆಯೋ ಅದನ್ನು ತೀರ್ಪು ಕೊಡದೆ ಗಮನಿಸುವುದು. ಅದಕ್ಕಾಗಿ ಕ್ಲೈಂಟ್ ಎದುರು ಕೂತು "ಕಣ್ಣು ಮುಚ್ಚಿ, ಉಸಿರಾಟ ಗಮನಿಸಿ" ಎಂದು ಹೇಳುವುದನ್ನು ಅರ್ಧ ದಿನದಲ್ಲಿ ಕಲಿಸಬಹುದು. ಕಷ್ಟ ಶುರುವಾಗುವುದು ಆಮೇಲೆ. ಐದು ನಿಮಿಷ ಆದ ಮೇಲೆ ಕ್ಲೈಂಟ್ ಕಣ್ಣು ಬಿಟ್ಟು "ಇನ್ನೂ ಜಾಸ್ತಿ ಭಯ ಆಯ್ತು" ಅನ್ನುತ್ತಾರೆ. ಆಗ ಥೆರಪಿಸ್ಟ್ ಏನು ಮಾಡಬೇಕು? ಹೆಚ್ಚಿನವರು ಗಾಬರಿಯಾಗಿ ಸಮಾಧಾನ ಹೇಳುತ್ತಾರೆ. ಇಲ್ಲವೇ ವಿವರಣೆ ಕೊಡಲು ಶುರು ಮಾಡುತ್ತಾರೆ. ಆ ಹೊತ್ತಿನಲ್ಲಿ ಗಾಬರಿಯಾಗದೆ, ಕುತೂಹಲದಿಂದ, ಕ್ಲೈಂಟ್ ಜೊತೆಗೇ ನಿಲ್ಲುವುದನ್ನು ಕಲಿಸುವುದೇ ಈ ತರಬೇತಿಯ ಮುಖ್ಯ ಕೆಲಸ. ಉಳಿದದ್ದೆಲ್ಲ ಅದಕ್ಕೆ ತಯಾರಿ.

ಈ ಮಾರ್ಗದರ್ಶಿ ಆಸ್ಪತ್ರೆಯಲ್ಲೋ ಕೌನ್ಸೆಲಿಂಗ್ ಕೇಂದ್ರದಲ್ಲೋ ಕಿರಿಯ ಥೆರಪಿಸ್ಟ್‌ಗಳಿಗೆ ತರಬೇತಿ ಕೊಡುವವರಿಗಾಗಿ. ಕಲಿಯಲು ಹೊರಟವರಿಗೂ ಉಪಯೋಗವಾಗುತ್ತದೆ. ಮಾದರಿಯಾಗಿ ನಾನು ಇಟ್ಟುಕೊಂಡಿರುವುದು ಎಂಬಿಸಿಟಿ, ಅಂದರೆ ಮೈಂಡ್‌ಫುಲ್‌ನೆಸ್ ಆಧಾರಿತ ಕಾಗ್ನಿಟಿವ್ ಥೆರಪಿ (ಕಾಗ್ನಿಟಿವ್ ಥೆರಪಿ ಎಂದರೆ ಯೋಚಿಸುವ ರೀತಿಯ ಮೇಲೆ ಕೆಲಸ ಮಾಡುವ ಮನೋಚಿಕಿತ್ಸೆ). ಖಿನ್ನತೆ ಮರುಕಳಿಸದಂತೆ ತಡೆಯಲು ಮಾಡಿದ ಎಂಟು ವಾರಗಳ ಕಾರ್ಯಕ್ರಮ ಅದು. ಅದನ್ನು ಕಲಿಸುವವರನ್ನು ಹೇಗೆ ತಯಾರು ಮಾಡಬೇಕು ಎನ್ನುವುದರ ಬಗ್ಗೆಯೂ ಬೇಕಾದಷ್ಟು ಕೆಲಸ ಆಗಿದೆ. ಅದಕ್ಕೇ ಈ ಆಯ್ಕೆ.

ಇದು ಹುಟ್ಟಿದ್ದು ಹೇಗೆ

1979ರಲ್ಲಿ ಜಾನ್ ಕಬಟ್-ಜಿನ್ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕ್ಲಿನಿಕ್ ಶುರು ಮಾಡಿದರು. ದೀರ್ಘಕಾಲದ ನೋವು, ಒತ್ತಡದಿಂದ ಬಳಲುವವರಿಗೆ ಎಂಟು ವಾರ ಮೈಂಡ್‌ಫುಲ್‌ನೆಸ್ ಕಲಿಸುವುದು ಅಲ್ಲಿನ ಕೆಲಸ. ತೊಂಬತ್ತರ ದಶಕದಲ್ಲಿ ಜಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಖಿನ್ನತೆಗೆ ಇದು ಉಪಯೋಗವಾದೀತೇ ಎಂದು ನೋಡಲು ಅಲ್ಲಿಗೆ ಹೋದರು. ಮೂವರೂ ಕಾಗ್ನಿಟಿವ್ ಥೆರಪಿಯಲ್ಲಿ ಪಳಗಿದವರು. ಅಲ್ಲಿನವರು ಒಂದು ಮಾತನ್ನು ಒತ್ತಿ ಹೇಳಿದರು: ಕಲಿಸುವವರು ಮೊದಲು ತಾವೇ ದಿನಾ ಅಭ್ಯಾಸ ಮಾಡಬೇಕು. ಈ ಮೂವರಿಗೆ ಮೊದಲಿಗೆ ಅದು ಅಷ್ಟು ಮುಖ್ಯ ಅನ್ನಿಸಲಿಲ್ಲ. ತಂತ್ರವನ್ನಷ್ಟೇ ತೆಗೆದುಕೊಂಡು ಹೋಗಿ ಪ್ರಯೋಗ ಮಾಡಿದರು. ಗುಂಪಿನಲ್ಲಿ ಯಾರಿಗಾದರೂ ತೀವ್ರ ದುಃಖ ಎದ್ದಾಗ ತಾವು ಮತ್ತೆ ಹಳೆಯ ಥೆರಪಿಸ್ಟ್ ಪಾತ್ರಕ್ಕೇ ಜಾರಿ, ಸಮಸ್ಯೆ ಸರಿಪಡಿಸಲು ಹೊರಡುತ್ತಿದ್ದೇವೆ ಎಂದು ಆಮೇಲೆ ಅವರಿಗೆ ಗೊತ್ತಾಯಿತು. ಮತ್ತೆ ಆ ಕ್ಲಿನಿಕ್‌ಗೆ ಹೋದರು. ತಾವೇ ಅಭ್ಯಾಸಕ್ಕೆ ಕೂತರು. ಇದನ್ನೆಲ್ಲ ಅವರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ತರಬೇತಿಯ ಮೊದಲ ದಿನ ನಾನು ಹೇಳುವ ಕಥೆ ಇದೇ.

2000ರಲ್ಲಿ ಅವರ ಮೊದಲ ದೊಡ್ಡ ಅಧ್ಯಯನ ಪ್ರಕಟವಾಯಿತು. ಅದರಲ್ಲಿ 145 ಜನರಿದ್ದರು. ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದು ಹೋದವರಲ್ಲಿ, ಸಾಮಾನ್ಯ ಚಿಕಿತ್ಸೆ ಮಾತ್ರ ಪಡೆದವರ ಪೈಕಿ ಶೇ. 66 ಜನರಿಗೆ 60 ವಾರಗಳಲ್ಲಿ ಅದು ಮರುಕಳಿಸಿತು. ಎಂಬಿಸಿಟಿ ಪಡೆದವರಲ್ಲಿ ಶೇ. 37 ಜನರಿಗೆ. 2004ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯಲ್ಲೂ ಇದಕ್ಕೆ ಜಾಗ ಸಿಕ್ಕಿತು. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಕ್ಲಿನಿಕಲ್ ಸೈಕಾಲಜಿ ವಿಭಾಗದಲ್ಲಿ ಮೈಂಡ್‌ಫುಲ್‌ನೆಸ್ ಆಧಾರಿತ ಚಿಕಿತ್ಸೆಗಳ ಮೇಲೆ ಸಂಶೋಧನೆ ನಡೆದಿದೆ.

ಹೆಜ್ಜೆ 1: ಯಾರಿಗೆ, ಎಷ್ಟು ಕಲಿಸುತ್ತೀರಿ ಅಂತ ಮೊದಲು ನಿರ್ಧರಿಸಿ

ಮೈಂಡ್‌ಫುಲ್‌ನೆಸ್ ಚಿಕಿತ್ಸೆಯೊಳಗೆ ಮೂರು ಬಗೆಯಲ್ಲಿ ಬರುತ್ತದೆ. ಥೆರಪಿಸ್ಟ್ ತಾನು ಮಾತ್ರ ಅಭ್ಯಾಸ ಮಾಡುವುದು ಒಂದು. ಇದರಲ್ಲಿ ಕ್ಲೈಂಟ್‌ಗೆ ಏನೂ ಕಲಿಸುವುದಿಲ್ಲ. ಮಾಮೂಲಿ ಸೆಷನ್‌ನೊಳಗೆ ಚಿಕ್ಕ ಚಿಕ್ಕ ಅಭ್ಯಾಸಗಳನ್ನು ಸೇರಿಸುವುದು ಇನ್ನೊಂದು. ಮಾರ್ಷಾ ಲೈನಹಾನ್ ರೂಪಿಸಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ), ಸ್ಟೀವನ್ ಹೇಯ್ಸ್ ಅವರ ಎಸಿಟಿ (ಆಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ) ಎಂಬ ಮನೋಚಿಕಿತ್ಸೆಗಳು ಈ ಗುಂಪಿಗೆ ಹತ್ತಿರ. ಮೂರನೆಯದು ಎಂಬಿಸಿಟಿಯಂತೆ ಪೂರ್ತಿ ಎಂಟು ವಾರದ ಕಾರ್ಯಕ್ರಮ ನಡೆಸುವುದು.

ಮೊದಲನೆಯದನ್ನು ಯಾವ ಥೆರಪಿಸ್ಟ್ ಬೇಕಾದರೂ ಈ ವಾರವೇ ಶುರು ಮಾಡಬಹುದು. ಮೂರನೆಯದಕ್ಕೆ ಕಡಿಮೆ ಅಂದರೂ ಒಂದು ವರ್ಷ ಬೇಕು. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳಿ. ಎರಡು ದಿನದ ವರ್ಕ್‌ಶಾಪ್ ಮುಗಿಸಿ ಬೋರ್ಡ್ ಹಾಕಿಕೊಳ್ಳುವುದರಿಂದ ಕ್ಲೈಂಟ್‌ಗಳಿಗೆ ತೊಂದರೆಯಾಗುತ್ತದೆ.

ಇನ್ನೊಂದು ವಿಷಯದಲ್ಲಿ ರಾಜಿ ಬೇಡ. ತರಬೇತಿಗೆ ಬರುವವರಿಗೆ ಮನೋಚಿಕಿತ್ಸೆಯ ಮೂಲ ಓದು ಮತ್ತು ಅನುಭವ ಮೊದಲೇ ಇರಬೇಕು. ಖಿನ್ನತೆಯನ್ನು ಗುರುತಿಸಲು, ಆತ್ಮಹತ್ಯೆಯ ಅಪಾಯ ಅಳೆಯಲು, ಯಾವಾಗ ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸಬೇಕು ಎಂದು ನಿರ್ಧರಿಸಲು ಬರಬೇಕು. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ರಿಹ್ಯಾಬಿಲಿಟೇಶನ್ ಕೌನ್ಸಿಲ್‌ನಲ್ಲಿ ನೋಂದಣಿ ಬೇಕು. ಮೈಂಡ್‌ಫುಲ್‌ನೆಸ್ ಸರ್ಟಿಫಿಕೇಟ್ ಅದರ ಜಾಗ ತುಂಬುವುದಿಲ್ಲ.

ಹೆಜ್ಜೆ 2: ಸ್ವಂತ ಅಭ್ಯಾಸ

ತರಬೇತಿಯ ಮೊದಲ ಭಾಗದಲ್ಲಿ ಯಾರೂ ಯಾರಿಗೂ ಕಲಿಸಬಾರದು. ಎಲ್ಲರೂ ಕಲಿಯುವವರಾಗಿ ಪೂರ್ತಿ ಎಂಟು ವಾರದ ಕೋರ್ಸ್ ಮುಗಿಸಬೇಕು. ವಾರಕ್ಕೊಂದು ಎರಡು ಗಂಟೆಯ ತರಗತಿ. ವಾರದಲ್ಲಿ ಆರು ದಿನ ಮನೆಯಲ್ಲಿ ಸುಮಾರು 45 ನಿಮಿಷ ಅಭ್ಯಾಸ. ನಾಳೆ ಕ್ಲೈಂಟ್‌ಗೆ ಕೊಡುವ ಹೋಂವರ್ಕ್ ಇದೇ ಅಲ್ವಾ? ಕೆಲಸ, ಮಕ್ಕಳು, ಅಡುಗೆ ಇವುಗಳ ನಡುವೆ 45 ನಿಮಿಷ ಹುಡುಕುವುದು ಎಷ್ಟು ಕಷ್ಟ ಅಂತ ಥೆರಪಿಸ್ಟ್‌ಗೆ ಸ್ವತಃ ಗೊತ್ತಿರಬೇಕು. ಗೊತ್ತಿದ್ದವರು "ಯಾಕೆ ಮಾಡಲಿಲ್ಲ?" ಎಂದು ಕೇಳುವ ರೀತಿಯೇ ಬೇರೆ ಇರುತ್ತದೆ.

ಕೋರ್ಸ್ ಮುಗಿದ ಮೇಲೂ ಅಭ್ಯಾಸ ನಿಲ್ಲಬಾರದು. ಒಂದು ನೋಟ್‌ಬುಕ್ ಇಟ್ಟುಕೊಳ್ಳಲು ಹೇಳಿ. "ಇವತ್ತು ಚೆನ್ನಾಗಿ ಆಯ್ತು" ಎಂದು ಬರೆಯುವುದು ಬೇಡ. ಮನಸ್ಸು ಎಲ್ಲಿಗೆ ಹೋಯಿತು, ಹೋಗಿದ್ದು ಗೊತ್ತಾದಾಗ ಮೈಯಲ್ಲಿ ಏನಿತ್ತು, ತನ್ನನ್ನು ತಾನು ಬೈದುಕೊಂಡರಾ, ಎಷ್ಟು ಬೇಗ ಎದ್ದುಬಿಡಬೇಕು ಅನ್ನಿಸಿತು, ಇವನ್ನು ಎರಡು ಮೂರು ಸಾಲಿನಲ್ಲಿ ಬರೆದರೆ ಸಾಕು. ತಿಂಗಳ ಕೊನೆಗೆ ಓದಿದಾಗ ತನ್ನ ಮನಸ್ಸು ಯಾವ ದಾರಿ ಹಿಡಿದು ತಪ್ಪಿಸಿಕೊಳ್ಳುತ್ತದೆ ಎನ್ನುವುದು ಕಾಣುತ್ತದೆ. ಸೆಷನ್‌ನಲ್ಲೂ ಅದು ಅದೇ ದಾರಿ ಹಿಡಿಯುತ್ತದೆ.

ಮಂಡಿ ನೋವು ಇರುವವರು ಕುರ್ಚಿಯಲ್ಲಿ ಕೂರಲಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೇನೇ ಧ್ಯಾನ ಎನ್ನುವ ಅಭಿಪ್ರಾಯವನ್ನು ತರಬೇತಿಯಲ್ಲೇ ಬಿಡಿಸಬೇಕು. ಇಲ್ಲದಿದ್ದರೆ ಅದು ಕ್ಲೈಂಟ್‌ಗೂ ದಾಟುತ್ತದೆ.

ನಮ್ಮ ಕಡೆ ತರಬೇತಿಗೆ ಬರುವ ಹಲವರು ಆಗಲೇ ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಹೋಗಿ ಬಂದಿರುತ್ತಾರೆ, ಇಲ್ಲವೇ ವರ್ಷಗಳಿಂದ ಯೋಗ ಮಾಡಿರುತ್ತಾರೆ. ಇದು ದೊಡ್ಡ ಆಸ್ತಿ. ಸುಮ್ನೆ ಕೂರುವುದು ಅವರಿಗೆ ಬರುತ್ತದೆ. ಆದರೆ ಇವರೂ ಎಂಟು ವಾರದ ಕೋರ್ಸ್ ಬಿಡಬಾರದು. ಹತ್ತು ದಿನ ಮೌನದಲ್ಲಿದ್ದು ಕಲಿತದ್ದನ್ನು, ಬೆಳಿಗ್ಗೆ ಹಾಸಿಗೆಯಿಂದ ಏಳಲಾಗದ ಮನುಷ್ಯನಿಗೆ ಹಾಗೇ ಒಪ್ಪಿಸಲು ಆಗುವುದಿಲ್ಲ. ಚಿಕಿತ್ಸೆಯ ಕಾರ್ಯಕ್ರಮದಲ್ಲಿ ಪ್ರತಿ ಅಭ್ಯಾಸಕ್ಕೂ ಖಿನ್ನತೆಗೆ ಸಂಬಂಧಪಟ್ಟ ಒಂದು ಕಾರಣ ಇದೆ. ಅದನ್ನು ಬೇರೆಯಾಗಿಯೇ ಕಲಿಯಬೇಕು.

ಥೆರಪಿಸ್ಟ್ ಧ್ಯಾನ ಮಾಡಿದರೆ ಕ್ಲೈಂಟ್‌ಗೇನು ಲಾಭ ಅಂತ ಕೆಲವರು ಕೇಳುತ್ತಾರೆ. 2007ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನ ಇದನ್ನೇ ನೋಡಿತು. ತರಬೇತಿಯಲ್ಲಿದ್ದ 18 ಥೆರಪಿಸ್ಟ್‌ಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಝೆನ್ ಧ್ಯಾನ ಕಲಿಸಿದರು. ಆಸ್ಪತ್ರೆಯಲ್ಲಿದ್ದ 124 ರೋಗಿಗಳ ಪೈಕಿ, ಧ್ಯಾನ ಮಾಡುತ್ತಿದ್ದ ಥೆರಪಿಸ್ಟ್‌ಗಳ ಕೈಯಲ್ಲಿದ್ದವರು ಹೆಚ್ಚು ಸುಧಾರಿಸಿದರು. ಚಿಕ್ಕ ಅಧ್ಯಯನ. ಇದೊಂದನ್ನೇ ಹಿಡಿದು ಎಲ್ಲ ಸಾಬೀತಾಯಿತು ಅನ್ನಬಾರದು. ಆದರೂ ಪ್ರಶ್ನೆಯನ್ನು ಸರಿಯಾದ ಜಾಗದಲ್ಲಿ ಕೇಳಿದ ಅಧ್ಯಯನ ಅದು.

ಹೆಜ್ಜೆ 3: ಎಂಟು ವಾರಗಳ ಒಳಗುಟ್ಟು

ಪಠ್ಯಕ್ರಮ ಕಲಿಸುವುದು ಸುಲಭದ ಭಾಗ. ಮೊದಲ ವಾರ ಒಂದೇ ಒಂದು ಒಣದ್ರಾಕ್ಷಿಯನ್ನು ನೋಡುತ್ತಾ, ಮುಟ್ಟುತ್ತಾ, ಮೂಸುತ್ತಾ ನಿಧಾನ ತಿನ್ನುವುದು. ನಂತರ ಬಾಡಿ ಸ್ಕ್ಯಾನ್ (ಮೈಯ ಒಂದೊಂದು ಭಾಗಕ್ಕೂ ಸರದಿಯಂತೆ ಗಮನ ಕೊಡುವುದು), ಉಸಿರಿನ ಜೊತೆ ಕೂರುವುದು, ಮೆಲ್ಲಗೆ ನಡೆಯುವುದು, ಮೈ ಸಡಿಲಿಸುವ ಚಲನೆಗಳು, ಮೂರು ನಿಮಿಷದ ಉಸಿರಾಟದ ಬಿಡುವು. ನಡುವಿನ ವಾರಗಳಲ್ಲಿ ಕಷ್ಟದ ಭಾವನೆಗಳ ಹತ್ತಿರ ಹೋಗುವುದು, ಯೋಚನೆಯನ್ನು ಬರೀ ಯೋಚನೆಯಾಗಿ ನೋಡುವುದು. ಕೊನೆಗೆ ಖಿನ್ನತೆ ಮತ್ತೆ ಬರುವ ಮುನ್ಸೂಚನೆಗಳೇನು, ಬಂದರೆ ಏನು ಮಾಡಬೇಕು ಎಂಬ ಯೋಜನೆ.

ಪ್ರತಿ ಅಭ್ಯಾಸದ ಬಗ್ಗೆಯೂ "ಇದು ಈ ವಾರವೇ ಯಾಕೆ?" ಎಂದು ಕೇಳಿ. ಉತ್ತರ ತಮ್ಮ ಮಾತಿನಲ್ಲಿ ಬರುವ ತನಕ ಬಿಡಬೇಡಿ. ಮತ್ತೆ ಮತ್ತೆ ಅದನ್ನೇ ಮೆಲುಕು ಹಾಕುವ ಮನಸ್ಸೇ ಖಿನ್ನತೆಯನ್ನು ವಾಪಸ್ ಕರೆತರುತ್ತದೆ ಎನ್ನುವುದು ಈ ಕಾರ್ಯಕ್ರಮದ ಬುನಾದಿ. ಅದಕ್ಕೇ ಮೊದಲಿಗೆ ಯೋಚನೆಗಳ ಬಗ್ಗೆ ಚರ್ಚೆ ಇಲ್ಲ. ಕಾಲಿನ ಹೆಬ್ಬೆರಳು, ಹಿಮ್ಮಡಿ, ಮೀನಖಂಡ ಎಂದು ಗಮನಕ್ಕೆ ನಿಲ್ಲಲು ಒಂದು ಜಾಗ ಕೊಡುತ್ತೇವೆ.

ಹೆಜ್ಜೆ 4: ಅಭ್ಯಾಸ ಮಾಡಿಸುವ ಮಾತು

ಇಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ಇಂಗ್ಲಿಷಿನಲ್ಲಿ ಕಲಿತವರು ಕನ್ನಡದಲ್ಲಿ ಮಾಡಿಸಲು ಹೋದಾಗ ಎರಡು ಕಡೆ ಎಡವುತ್ತಾರೆ. ಒಂದೋ ಪುಸ್ತಕದ ಭಾಷೆ ಬರುತ್ತದೆ. ಇಲ್ಲವೇ "ಗಮನಿಸಿ, ಗಮನಿಸಿ" ಎಂದು ಡ್ರಿಲ್ ಮಾಸ್ಟರ್ ಥರ ಕೇಳಿಸುತ್ತದೆ. ಮೂರು ನಿಮಿಷದ ಬಿಡುವನ್ನು ನಾನು ಹೀಗೆ ಮಾಡಿಸುತ್ತೇನೆ:

"ಕೂತ ಜಾಗದಲ್ಲೇ ಸ್ವಲ್ಪ ನೇರ ಆಗೋಣ. ಕಣ್ಣು ಮುಚ್ಚಬಹುದು, ಬೇಡ ಅನ್ನಿಸಿದ್ರೆ ನೆಲ ನೋಡ್ತಾ ಇರಿ. ಈಗ ಮನಸ್ಸಿನಲ್ಲಿ ಏನು ಓಡ್ತಾ ಇದೆ... ಯಾವ ಭಾವನೆ ಇದೆ... ಮೈಯಲ್ಲಿ ಎಲ್ಲಾದ್ರೂ ಬಿಗಿ ಇದೆಯಾ... ಇದ್ದದ್ದನ್ನ ಇದ್ದ ಹಾಗೇ ನೋಡೋಣ."

ಒಂದು ನಿಮಿಷದ ನಂತರ: "ಈಗ ಗಮನವನ್ನ ಹೊಟ್ಟೆ ಹತ್ರ ತರೋಣ. ಉಸಿರು ಒಳಗೆ ಬಂದಾಗ ಹೊಟ್ಟೆ ಮೇಲೇಳುತ್ತೆ, ಹೊರಗೆ ಹೋದಾಗ ಇಳಿಯುತ್ತೆ. ಉಸಿರನ್ನ ಬದಲಾಯಿಸೋದು ಬೇಡ. ಮನಸ್ಸು ಬೇರೆ ಕಡೆ ಹೋದ್ರೆ, ಹೋಯ್ತು ಅಂತ ತಿಳಿದು, ವಾಪಸ್ ಬರೋಣ."

ಕೊನೆಗೆ: "ಈಗ ಇಡೀ ಮೈಗೆ ಗಮನ ಹರಡಲಿ. ಮುಖ, ಭುಜ, ಕೂತಿರೋ ಕುರ್ಚಿ, ನೆಲದ ಮೇಲಿರೋ ಪಾದ. ಹೀಗೇ ಮುಂದಿನ ಕೆಲಸಕ್ಕೆ ಹೋಗೋಣ."

ಇದನ್ನು ಬಾಯಿಪಾಠ ಮಾಡಿಸಬೇಡಿ. ಹೇಳುವವರೂ ಜೊತೆಗೇ ಅಭ್ಯಾಸ ಮಾಡುತ್ತಿರಬೇಕು. ಆಗ ವಿರಾಮಗಳು ತಾವಾಗಿಯೇ ಸರಿಯಾದ ಜಾಗಕ್ಕೆ ಬರುತ್ತವೆ. ದನಿ ಮಾಮೂಲಿ ಮಾತಿನದೇ ಇರಲಿ. ಮಲಗಿಸುವ ದನಿ ಬೇಡ. "ಶಾಂತವಾಗುತ್ತದೆ", "ಹಗುರಾಗುತ್ತದೆ" ಎಂಬ ಭರವಸೆಗಳನ್ನು ಪೂರ್ತಿ ಬಿಡಿಸಿ. ಶಾಂತವಾಗದ ಕ್ಲೈಂಟ್ ಇಲ್ಲೂ ಸೋತೆ ಅಂದುಕೊಳ್ಳುತ್ತಾರೆ. ಧಾರವಾಡದವರು "ಹೊಟ್ಟಿ ಮ್ಯಾಲೆ ಗಮನ ಇಡ್ರಿ" ಅನ್ನಲಿ, ಮಂಗಳೂರಿನವರು ತಮ್ಮ ಮನೆಯ ಕನ್ನಡದಲ್ಲೇ ಹೇಳಲಿ.

ಅಭ್ಯಾಸಕ್ಕೆ ಇಬ್ಬಿಬ್ಬರನ್ನು ಜೋಡಿ ಮಾಡಿ. ಒಬ್ಬರು ಹತ್ತು ನಿಮಿಷ ಮಾಡಿಸಲಿ, ಫೋನಿನಲ್ಲಿ ರೆಕಾರ್ಡ್ ಆಗಲಿ. ಮನೆಗೆ ಹೋಗಿ ಅದನ್ನು ಅಕ್ಷರಕ್ಕಿಳಿಸಲಿ. ಎಷ್ಟು ಜಾಸ್ತಿ ಮಾತಾಡಿದ್ದೇವೆ ಎನ್ನುವುದು ಬರೆಯುವಾಗ ತಾನಾಗಿಯೇ ಗೊತ್ತಾಗುತ್ತದೆ.

ಹೆಜ್ಜೆ 5: ಅಭ್ಯಾಸದ ನಂತರದ ಮಾತುಕತೆ

ಎಲ್ಲಕ್ಕಿಂತ ಕಷ್ಟದ ಕೌಶಲ ಇದು. ಮೂರು ಪದರಗಳಿವೆ ಎಂದುಕೊಳ್ಳಿ. ಅಭ್ಯಾಸದಲ್ಲಿ ನೇರವಾಗಿ ಏನು ಕಂಡಿತು. ಆಗ ನೀವು ಏನು ಮಾಡಿದಿರಿ, ಮುಂದೆ ಏನಾಯಿತು. ಇದಕ್ಕೂ ನಿಮ್ಮ ದಿನನಿತ್ಯದ ಬದುಕಿಗೂ ಏನು ಸಂಬಂಧ. ತರಬೇತಿಗೆಂದು ಕಟ್ಟಿದ ಒಂದು ಉದಾಹರಣೆ ನೋಡಿ.

"ಮೇಡಂ, ನಂಗೆ ಆಗ್ಲೇ ಇಲ್ಲ. ಬರೀ ಮನೆ ಸಾಲದ್ದೇ ಯೋಚನೆ."

"ಸಾಲದ ಯೋಚನೆಯಲ್ಲಿ ಇದೀನಿ ಅಂತ ಹೇಗೆ ಗೊತ್ತಾಯ್ತು?"

"ಎದೆ ಬಿಗಿಯಾಯ್ತು. ಆಗ ಗೊತ್ತಾಯ್ತು."

"ಎದೆಯಲ್ಲಿ ಬಿಗಿ. ಆಮೇಲೆ?"

"ಆಮೇಲೆ ಏನಿಲ್ಲ, ಇದಕ್ಕೂ ನಾನು ಲಾಯಕ್ಕಿಲ್ಲ ಅನ್ನಿಸ್ತು."

"ಲಾಯಕ್ಕಿಲ್ಲ ಅನ್ನೋದು ಬೇರೆ ಹೊತ್ತಿನಲ್ಲೂ ಬರುತ್ತಾ?"

"ದಿನಾ ಬರುತ್ತೆ ಮೇಡಂ. ಸಾರಿಗೆ ಉಪ್ಪು ಜಾಸ್ತಿ ಆದ್ರೂ ಬರುತ್ತೆ."

ಇಲ್ಲಿ ಥೆರಪಿಸ್ಟ್ ಏನನ್ನೂ ವಿವರಿಸಲಿಲ್ಲ. ಸಾಲ, ಎದೆಯ ಬಿಗಿ, ತನ್ನ ಮೇಲೆ ತಾನೇ ಕೊಟ್ಟ ತೀರ್ಪು ಎಂಬ ದಾರಿಯನ್ನು ಕ್ಲೈಂಟ್ ತಾವೇ ಕಂಡರು. ಖಿನ್ನತೆ ವಾಪಸ್ ಬರುವ ದಾರಿ ಇದೇ. ಮೊದಲ ಮಾತಿಗೇ "ಪರವಾಗಿಲ್ಲ, ಅಭ್ಯಾಸ ಆದ್ಮೇಲೆ ಸರಿ ಹೋಗುತ್ತೆ" ಎಂದಿದ್ದರೆ ಆ ಬಾಗಿಲು ಅಲ್ಲೇ ಮುಚ್ಚುತ್ತಿತ್ತು.

ತರಬೇತಿಯಲ್ಲಿ ಮೂವರ ಗುಂಪು ಮಾಡಿ. ಒಬ್ಬರು ಥೆರಪಿಸ್ಟ್, ಒಬ್ಬರು ಕ್ಲೈಂಟ್, ಒಬ್ಬರು ವೀಕ್ಷಕರು. ಕ್ಲೈಂಟ್ ಪಾತ್ರದವರು ನಟಿಸುವುದು ಬೇಡ. ಆಗಷ್ಟೇ ಮುಗಿಸಿದ ಅಭ್ಯಾಸದ ನಿಜ ಅನುಭವ ಹೇಳಲಿ. ವೀಕ್ಷಕರು ಸಲಹೆ, ವಿವರಣೆ, ಸಮಾಧಾನ ಬಂದಾಗಲೆಲ್ಲ ಗುರುತು ಹಾಕುತ್ತಾ ಹೋಗಲಿ. ಅನುಭವಿ ಥೆರಪಿಸ್ಟ್‌ಗಳ ಹಾಳೆಯಲ್ಲೇ ಗುರುತುಗಳು ಜಾಸ್ತಿ ಇರುತ್ತವೆ. ಅವರು ವರ್ಷಗಟ್ಟಲೆ ಸಹಾಯ ಮಾಡಿ ಬಂದವರು. ಕೈ ಸುಮ್ಮನಿರುವುದಿಲ್ಲ. ಅವರ ಜೊತೆ ತಾಳ್ಮೆಯಿಂದಿರಿ.

ಹೆಜ್ಜೆ 6: ಯಾರಿಗೆ ಬೇಡ, ಯಾವಾಗ ನಿಲ್ಲಿಸಬೇಕು

ಗುಂಪಿಗೆ ಸೇರಿಸುವ ಮುಂಚೆ ಪ್ರತಿಯೊಬ್ಬರ ಜೊತೆಯೂ ಬೇರೆಯಾಗಿ ಕೂತು ಮಾತಾಡಬೇಕು. ಆತ್ಮಹತ್ಯೆಯ ಯೋಚನೆ ತೀವ್ರವಾಗಿರುವವರು, ಸೈಕೋಸಿಸ್ (ವಾಸ್ತವದ ಜೊತೆ ಸಂಪರ್ಕ ತಪ್ಪುವುದು) ಅಥವಾ ಮೇನಿಯಾ (ಮಿತಿಮೀರಿದ ಉತ್ಸಾಹ, ಚಡಪಡಿಕೆಯ ಸ್ಥಿತಿ) ಈಗ ಇರುವವರು, ಮದ್ಯದ ಹಿಡಿತದಲ್ಲಿರುವವರು, ಇತ್ತೀಚೆಗಷ್ಟೇ ದೊಡ್ಡ ಆಘಾತ ಅಥವಾ ಸಾವು ಕಂಡವರು ಮೊದಲು ಬೇರೆ ಚಿಕಿತ್ಸೆ ಪಡೆಯಲಿ. ಎಂಬಿಸಿಟಿ ಹುಟ್ಟಿದ್ದೇ ಖಿನ್ನತೆಯಿಂದ ಒಂದಿಷ್ಟು ಚೇತರಿಸಿಕೊಂಡವರಿಗಾಗಿ.

ಧ್ಯಾನದಿಂದ ಕೆಟ್ಟ ಅನುಭವಗಳೂ ಆಗುತ್ತವೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ವಿಲಬಿ ಬ್ರಿಟನ್ ಮತ್ತು ಸಂಗಡಿಗರು ಇಂಥ ಅನುಭವಗಳನ್ನು ಕಲೆಹಾಕಿ 2017ರಲ್ಲಿ ಪ್ರಕಟಿಸಿದರು. ಭಯ, ನಿದ್ದೆಗೇಡು, ತಾನು ತಾನಲ್ಲ ಅನ್ನಿಸುವುದು, ಹಳೆಯ ಆಘಾತದ ನೆನಪು ಉಕ್ಕುವುದು, ಎಲ್ಲವೂ ಅದರಲ್ಲಿವೆ. ಇದನ್ನು ತರಬೇತಿಯಲ್ಲಿ ಮುಚ್ಚಿಡಬೇಡಿ.

ಲಕ್ಷಣಗಳನ್ನು ಗುರುತಿಸಲು ಕಲಿಸಿ: ಉಸಿರು ಜೋರಾಗುವುದು, ಮೈ ಕಲ್ಲಿನಂತಾಗುವುದು, ದೃಷ್ಟಿ ಎಲ್ಲೋ ನೆಟ್ಟು ನಿಲ್ಲುವುದು. ಕಂಡ ತಕ್ಷಣ ಅಭ್ಯಾಸ ನಿಲ್ಲಿಸಿ, ಕ್ಲೈಂಟ್ ಹೆಸರು ಹಿಡಿದು ಕರೆಯಿರಿ. ಕಣ್ಣು ಬಿಡಲಿ. ಪಾದ ನೆಲಕ್ಕೆ ಒತ್ತಲಿ. ಕೋಣೆಯಲ್ಲಿ ಕಾಣುವ ವಸ್ತುಗಳನ್ನು ಒಂದೊಂದಾಗಿ ಹೆಸರಿಸಲಿ. ನೀರು ಕುಡಿಯಲಿ. ಪ್ಯಾನಿಕ್ ಅಥವಾ ಆಸ್ತಮಾ ಇರುವವರಿಗೆ ಉಸಿರೇ ಹೆದರಿಕೆ ತರಬಹುದು. ಅವರಿಗೆ ಹೊರಗಿನ ಸದ್ದು, ಅಂಗೈ, ಪಾದ ಇವೇ ಸಾಕು. ಲೈಂಗಿಕ ದೌರ್ಜನ್ಯ ಅನುಭವಿಸಿದವರಿಗೆ ಬಾಡಿ ಸ್ಕ್ಯಾನ್ ಕಷ್ಟವಾಗಬಹುದು. ಯಾವ ಭಾಗ ಬೇಕಾದರೂ ಬಿಡಬಹುದು ಎಂದು ಶುರುವಿನಲ್ಲೇ ಹೇಳಿ.

ಮಾತ್ರೆಗಳ ವಿಷಯ. "ಧ್ಯಾನ ಮಾಡ್ತಿದೀನಿ, ಮಾತ್ರೆ ಬಿಟ್ಟೆ" ಎನ್ನುವವರು ನಮ್ಮಲ್ಲಿ ಬಹಳ. 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 424 ಜನರಿದ್ದರು. ಎರಡು ವರ್ಷಗಳಲ್ಲಿ ಎಂಬಿಸಿಟಿ ಗುಂಪಿನ ಶೇ. 44, ಮಾತ್ರೆ ಮುಂದುವರಿಸಿದ ಗುಂಪಿನ ಶೇ. 47 ಜನರಿಗೆ ಖಿನ್ನತೆ ಮರುಕಳಿಸಿತು. ಹೆಚ್ಚೂಕಡಿಮೆ ಸಮ. ಆದರೆ ಅಲ್ಲಿ ಮಾತ್ರೆ ಕಡಿಮೆ ಮಾಡಿದ್ದು ವೈದ್ಯರ ನೆರವಿನಿಂದ, ನಿಧಾನವಾಗಿ. ಈ ಮಾತನ್ನು ಮೊದಲ ಭೇಟಿಯಲ್ಲೇ ಹೇಳಬೇಕು. ಟೆಲಿ-ಮಾನಸ್ ಸಹಾಯವಾಣಿ 14416 ಪ್ರತಿಯೊಬ್ಬ ಕ್ಲೈಂಟ್ ಫೋನಿನಲ್ಲೂ ಇರಲಿ.

ಧರ್ಮದ ಪ್ರಶ್ನೆಯೂ ಬರುತ್ತದೆ. ಕೋಣೆಯಲ್ಲಿ ದೇವರ ಪಟ, ಊದುಬತ್ತಿ, ಓಂಕಾರ ಬೇಡ. ಮುಸ್ಲಿಂ, ಕ್ರೈಸ್ತ ಕ್ಲೈಂಟ್‌ಗಳು ಸಂಕೋಚದಿಂದ ಸುಮ್ಮನಿದ್ದು, ಮುಂದಿನ ವಾರ ಬರದೇ ಇರಬಹುದು. ಇದರ ಬೇರು ಬೌದ್ಧ ಪರಂಪರೆಯಲ್ಲಿದೆ, ಇಲ್ಲಿ ಚಿಕಿತ್ಸೆಯಾಗಿ ಬಳಸುತ್ತೇವೆ ಎಂದು ನೇರವಾಗಿ ಹೇಳಿ, ಒಪ್ಪಿಗೆ ಕೇಳಿ.

ಹೆಜ್ಜೆ 7: ಒಬ್ಬೊಬ್ಬರ ಸೆಷನ್‌ಗೆ ತರುವುದು

ಗುಂಪು ನಡೆಸದವರಿಗೂ ಇದು ಬೇಕು. ಕ್ಲೈಂಟ್ ಅಳು ತಡೆಯುತ್ತಾ ಗಡಿಬಿಡಿಯಲ್ಲಿ ಮಾತಾಡುತ್ತಿದ್ದಾರೆ ಅನ್ನಿ. "ಒಂದು ನಿಮಿಷ ಇಲ್ಲೇ ನಿಲ್ಲೋಣವಾ? ಇದನ್ನ ಹೇಳುವಾಗ ಮೈಯಲ್ಲಿ ಏನಾಗ್ತಿದೆ?" ಎಂದು ಕೇಳಬಹುದು. ಬೇಡ ಅಂದರೆ ಬಿಟ್ಟುಬಿಡಿ.

ಅದಕ್ಕೂ ಮೊದಲು ಥೆರಪಿಸ್ಟ್ ತನ್ನನ್ನೇ ಕೇಳಿಕೊಳ್ಳಬೇಕು: ಇದು ಯಾರಿಗಾಗಿ? ಕ್ಲೈಂಟ್‌ನ ಸಿಟ್ಟೋ ಅಳುವೋ ತನಗೆ ತಡೆಯಲಾಗದೆ "ಬನ್ನಿ, ಉಸಿರಾಟ ಮಾಡೋಣ" ಎಂದರೆ, ಅದು ಬಾಯಿ ಮುಚ್ಚಿಸುವ ಸಭ್ಯ ದಾರಿ. ಕ್ಲೈಂಟ್‌ಗೆ ಅದು ಚೆನ್ನಾಗಿ ಗೊತ್ತಾಗುತ್ತದೆ.

ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ) ಕಲಿತವರಿಗೆ ಇನ್ನೊಂದು ತೊಡಕು. ಅಲ್ಲಿ ಯೋಚನೆ ನಿಜವೇ ಎಂದು ಪರೀಕ್ಷೆ ಮಾಡುತ್ತೇವೆ, ಸಾಕ್ಷಿ ಕೇಳುತ್ತೇವೆ. ಇಲ್ಲಿ ಯೋಚನೆ ಬಂತು, ಇತ್ತು, ಹೋಯಿತು ಎಂದು ನೋಡುತ್ತೇವೆ. ಎರಡೂ ಬೇಕು. ಒಂದೇ ಹತ್ತು ನಿಮಿಷದಲ್ಲಿ ಎರಡನ್ನೂ ಮಾಡಿದರೆ ಕ್ಲೈಂಟ್‌ಗೆ ಗೊಂದಲವಾಗುತ್ತದೆ.

ಸರ್ಕಾರಿ ಆಸ್ಪತ್ರೆಯ ಓಪಿಡಿಯಲ್ಲಿ ಒಬ್ಬರಿಗೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಅಲ್ಲಿ ಪಾದದ ಮೇಲೆ ಗಮನ ಇಡುವ ಒಂದು ನಿಮಿಷದ ಅಭ್ಯಾಸ ಕಲಿಸಿ, ಬಸ್ಸಿಗೆ ಕಾಯುವಾಗ ಮಾಡಲು ಹೇಳಬಹುದು. ಅದನ್ನು ಎಂಬಿಸಿಟಿ ಎಂದು ಕೇಸ್ ಶೀಟಿನಲ್ಲಿ ಬರೆಯಬೇಡಿ.

ಹೆಜ್ಜೆ 8: ಸೂಪರ್ವಿಷನ್ ಮತ್ತು ಮೌಲ್ಯಮಾಪನ

ಸೂಪರ್ವಿಷನ್ ಅಂದರೆ ಅನುಭವಿ ಥೆರಪಿಸ್ಟ್ ಜೊತೆ ಕೂತು ತನ್ನ ಕೆಲಸವನ್ನು ಪರಿಶೀಲಿಸುವುದು. ಮೊದಲ ಗುಂಪನ್ನು ಅನುಭವಿಗಳ ಜೊತೆ ಸೇರಿ ನಡೆಸಲಿ. ಒಪ್ಪಿಗೆ ಪಡೆದು ವಿಡಿಯೋ ಮಾಡಿ. ಬ್ಯಾಂಗರ್, ಎಕ್ಸಿಟರ್, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳ ತರಬೇತುದಾರರು ಸೇರಿ ಮಾಡಿದ ಒಂದು ಮಾಪನ ಇದೆ. ಅದು ಆರು ಅಂಶ ನೋಡುತ್ತದೆ: ಸೆಷನ್‌ನ ವಿಷಯ ಮತ್ತು ವೇಗ, ಸಂಬಂಧ ಕಟ್ಟುವ ರೀತಿ, ಮೈಂಡ್‌ಫುಲ್‌ನೆಸ್ ಕಲಿಸುವವರ ನಡೆಯಲ್ಲೇ ಇದೆಯೇ ಎನ್ನುವುದು, ಅಭ್ಯಾಸ ಮಾಡಿಸುವ ಕೌಶಲ, ಮಾತುಕತೆಯ ಮೂಲಕ ವಿಷಯ ತಲುಪಿಸುವುದು, ಗುಂಪನ್ನು ಹಿಡಿದಿಡುವುದು. ಪ್ರತಿಯೊಂದಕ್ಕೂ ಆರು ಹಂತ. ಬ್ರಿಟನ್ನಿನಲ್ಲಿ ಬಳಸಲು ಮಾಡಿದ್ದಾದರೂ ನಮಗೂ ಉಪಯೋಗಕ್ಕೆ ಬರುತ್ತದೆ. ನಾನು ಮೂರನೆಯ ಅಂಶಕ್ಕೆ ಹೆಚ್ಚು ತೂಕ ಕೊಡುತ್ತೇನೆ. ಪ್ರೊಜೆಕ್ಟರ್ ಕೆಟ್ಟಾಗ, ಯಾರೋ ತಡವಾಗಿ ಬಂದಾಗ, ಒಬ್ಬರು "ಇದೆಲ್ಲ ಟೈಮ್ ವೇಸ್ಟ್" ಎಂದಾಗ ಆ ಥೆರಪಿಸ್ಟ್ ಮುಖ ಹೇಗಾಯಿತು ಅಂತ ವಿಡಿಯೋದಲ್ಲಿ ನೋಡಿ.

ಸೂಪರ್ವಿಷನ್‌ನಲ್ಲಿ ಕ್ಲೈಂಟ್ ಬಗ್ಗೆ ಕೇಳುವ ಮುಂಚೆ ಥೆರಪಿಸ್ಟ್ ಬಗ್ಗೆ ಕೇಳಿ. ವಿಡಿಯೋ ಕಷ್ಟದ ಜಾಗಕ್ಕೆ ಬಂದಾಗ ನಿಲ್ಲಿಸಿ, "ಇಲ್ಲಿ ನಿನಗೇನಾಯ್ತು?" ಅನ್ನಿ. ಉತ್ತರ ಬರಲು ಹೊತ್ತು ಹಿಡಿದರೆ ಕಾಯಿರಿ. ಅದೂ ತರಬೇತಿಯೇ. ಜೊತೆಗೆ ಅವರ ಸ್ವಂತ ಅಭ್ಯಾಸ ಹೇಗೆ ನಡೆದಿದೆ ಎಂದು ಪ್ರತಿ ಸಲವೂ ಕೇಳಿ. ಆಸ್ಪತ್ರೆಯ ಕೆಲಸ ಹೆಚ್ಚಿದಾಗ ಮೊದಲು ಬಿಟ್ಟುಹೋಗುವುದು ಅದೇ. ವರ್ಷಕ್ಕೊಮ್ಮೆ ಕೆಲವು ದಿನ ಮೌನ ಶಿಬಿರಕ್ಕೆ ಹೋಗಿಬರಲು ರಜೆ ಕೊಡಿ. ಸಂಸ್ಥೆಯ ಮುಖ್ಯಸ್ಥರ ಹತ್ತಿರ ಅದನ್ನು ತರಬೇತಿಯ ಭಾಗ ಎಂದೇ ಮೊದಲೇ ಬರೆಸಿಕೊಂಡಿರಿ. ಆಮೇಲೆ ಕೇಳಿದರೆ ಸಿಗುವುದಿಲ್ಲ.

ಕೆಲವರು ವರ್ಷ ಮುಗಿದರೂ ತಯಾರಾಗಿರುವುದಿಲ್ಲ. ಅವರಿಗೆ ನೇರವಾಗಿ, ಪ್ರೀತಿಯಿಂದ ಹೇಳಿ. ಇನ್ನೊಂದು ಗುಂಪಿನಲ್ಲಿ ಸಹಾಯಕರಾಗಿ ಕೂರಿಸಿ. ತಯಾರಾದವರು ತಮ್ಮದೇ ಗುಂಪು ಶುರು ಮಾಡುವಾಗ ಮೊದಲ ಸಲ ಹನ್ನೆರಡು ಜನರನ್ನು ಸೇರಿಸಬೇಡಿ. ಐದಾರು ಜನ ಸಾಕು. ಎಂಟನೇ ವಾರ ಮುಗಿದ ಮೇಲೆ ಆ ಗುಂಪನ್ನು ಮತ್ತೆ ಕರೆಯುವ ದಿನಾಂಕವನ್ನು ಶುರುವಿನಲ್ಲೇ ಗೊತ್ತು ಮಾಡಿ, ಎಲ್ಲರಿಗೂ ಬರೆದು ಕೊಡಿ.